ಆರ್‌ವಿ ಒಳಗಿನ ದೀಪಗಳನ್ನು ಎಲ್‌ಇಡಿಗೆ ಬದಲಿಸುವುದು: ಯಾವ ಬಲ್ಬು ತೆಗೆದುಕೊಳ್ಳಬೇಕು?

ತುಂಗಾತೀರ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ನಮ್ಮ ಆರ್‌ವಿ (ಒಳಗೇ ಮನೆಯಂತೆ ಉಳಿಯಬಹುದಾದ ಗಾಡಿ) 2006ರ ಕ್ಲಾಸ್ ಸಿ ಮೋಟಾರ್‌ಹೋಮ್, ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ್ದು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆವು. ಗಾಡಿ ಗಟ್ಟಿಯಾಗಿದೆ. ಆದರೆ ಒಳಗಿನ ದೀಪಗಳೆಲ್ಲ ಹಳೇ ಫಿಲಮೆಂಟ್ ಬಲ್ಬುಗಳು. ಹುಕಪ್ (ಗಾಡಿಗೆ ಹೊರಗಿನ ಕರೆಂಟ್ ಜೋಡಿಸುವ ಪ್ಲಗ್) ಇರುವ ಕಡೆ ನಿಂತರೆ ತೊಂದರೆ ಇಲ್ಲ. ಯೊಸೆಮಿಟಿಗೆ ಹೋದರೆ ಕಷ್ಟ. ಅಲ್ಲಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಕರೆಂಟ್ ಹುಕಪ್ ಇಲ್ಲವೇ ಇಲ್ಲ. ಜನರೇಟರ್ ಹಾಕಲೂ ಹೊತ್ತು ಗೊತ್ತು ಮಾಡಿದ್ದಾರೆ: ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಕತ್ತಲಾದ ಮೇಲೆ ಬ್ಯಾಟರಿಯೇ ಗತಿ.

ಊಟ ಮುಗಿಸಿ, ಪಾತ್ರೆ ತೊಳೆದು, ಮಕ್ಕಳು ಸ್ವಲ್ಪ ಓದಿ ಮಲಗುವ ಹೊತ್ತಿಗೆ ದೀಪಗಳು ಹಳದಿಯಾಗಿ ಮಂಕಾಗಿರುತ್ತವೆ. ಬೆಳಗಿನ ಜಾವಕ್ಕೆ ಫರ್ನೇಸಿನ (ಗಾಡಿಯನ್ನು ಬೆಚ್ಚಗಿಡುವ ಹೀಟರಿನ) ಫ್ಯಾನ್ ನಿಧಾನವಾಗಿ ತಿರುಗುವುದು ಕೇಳಿಸುತ್ತದೆ. ಬ್ಯಾಟರಿ ಎರಡು, ಗ್ರೂಪ್ 24 ಅಳತೆಯವು, ಡೀಪ್ ಸೈಕಲ್ (ಬಹಳ ಹೊತ್ತು ನಿಧಾನವಾಗಿ ಕರೆಂಟ್ ಕೊಡುವ) ಲೆಡ್ ಆಸಿಡ್. ಹೊಸವೇ.

ದೀಪಗಳು ಹೀಗಿವೆ. ಸೀಲಿಂಗಿಗೆ ಅಂಟಿಕೊಂಡ ಜೋಡಿ ಬಲ್ಬಿನ ಚಪ್ಪಟೆ ದೀಪಗಳು, ಬಲ್ಬಿನ ಮೇಲೆ 921 ಎಂದಿದೆ. ಡೈನೆಟ್ (ಊಟದ ಮೇಜಿನ ಜಾಗ) ಮೇಲೆ ತೂಗುವ ದೀಪದಲ್ಲಿ 1141. ಹಾಸಿಗೆ ಪಕ್ಕ ಎರಡು ಕಡ್ಡಿಯ ಪುಟ್ಟ ಹ್ಯಾಲೊಜೆನ್. ಬಚ್ಚಲಲ್ಲಿ ಒಂದು ಟ್ಯೂಬ್‌ಲೈಟ್. ಎಲ್ಲ ಎಲ್‌ಇಡಿ ಮಾಡಿದರೆ ನಿಜವಾಗಿ ವ್ಯತ್ಯಾಸ ಕಾಣುತ್ತದಾ? ಇಲ್ಲ ಅಂದರೆ ಆ ದುಡ್ಡನ್ನು ಇನ್ನೊಂದು ಬ್ಯಾಟರಿಗೆ ಹಾಕುವುದು ವಾಸಿಯಾ? ಅನುಭವ ಇರುವವರು ದಯವಿಟ್ಟು ಹೇಳಿ.

ಬಯಲುಸೀಮೆ (ಫೀನಿಕ್ಸ್, ಅರಿಜೋನಾ)

ತುಂಗಾತೀರ ಅವರೇ, ಬ್ಯಾಟರಿ ಆಮೇಲೆ. ಮೊದಲು ಬಲ್ಬು ಬದಲಿಸಿ. ಯಾಕೆ ಅಂತ ಲೆಕ್ಕದಲ್ಲೇ ತೋರಿಸುತ್ತೇನೆ.

ಒಂದು 921 ಬಲ್ಬು 12.8 ವೋಲ್ಟಿಗೆ 1.4 ಆಂಪ್ ಎಳೆಯುತ್ತದೆ. 1141 ಕೂಡ ಹೆಚ್ಚು ಕಡಿಮೆ ಅಷ್ಟೇ, 1.44 ಆಂಪ್. ಅಂದರೆ ಒಂದೊಂದಕ್ಕೂ 18 ವ್ಯಾಟ್. ಸಂಜೆ ಹೊತ್ತು ನಿಮ್ಮ ಗಾಡಿಯಲ್ಲಿ ಆರು ಬಲ್ಬು ಉರಿಯುತ್ತವೆ ಎಂದುಕೊಳ್ಳಿ. ಜೋಡಿ ದೀಪ ಮೂರು ಹಾಕಿದರೆ ಆರು ಆಗಿಯೇ ಹೋಯಿತು. ಗಂಟೆಗೆ ಎಂಟೂವರೆ ಆಂಪ್ ಅವರ್ ಹತ್ತಿರ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್). ನಾಲ್ಕು ಗಂಟೆಗೆ 34.

ಈಗ ಬ್ಯಾಟರಿ ನೋಡಿ. ಗ್ರೂಪ್ 24 ಡೀಪ್ ಸೈಕಲ್ ಒಂದಕ್ಕೆ ಸುಮಾರು 75ರಿಂದ 85 ಆಂಪ್ ಅವರ್. ಎರಡು ಸೇರಿ 150ರಿಂದ 170. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ನಿಮ್ಮ ಕೈಗೆ ಸಿಗುವುದು 80ರ ಆಸುಪಾಸು. ಅದರಲ್ಲಿ ದೀಪಕ್ಕೇ 34 ಹೋಯಿತು. ಫರ್ನೇಸ್ ಫ್ಯಾನ್ 7 ಆಂಪ್ ಎಳೆಯುತ್ತದೆ ಅಂತಿಟ್ಟುಕೊಂಡು, ರಾತ್ರಿಯಲ್ಲಿ ಒಟ್ಟು ಮೂರು ಗಂಟೆ ಓಡಿದರೆ 21. ಗ್ಯಾಸ್ ಡಿಟೆಕ್ಟರ್, ಫ್ರಿಜ್ಜಿನ ಬೋರ್ಡು, ನೀರಿನ ಪಂಪು ಎಲ್ಲ ಸೇರಿ ಇನ್ನೊಂದು ಹತ್ತು. ಒಂದೇ ರಾತ್ರಿಗೆ 65. ನಿಮ್ಮ ಫ್ಯಾನ್ ಬೆಳಗಿನ ಜಾವ ನಿಧಾನವಾಗುವುದರಲ್ಲಿ ಆಶ್ಚರ್ಯ ಏನಿದೆ?

ಅದೇ ಜಾಗಕ್ಕೆ ಎಲ್‌ಇಡಿ ಹಾಕಿ. ಒಂದು ಒಳ್ಳೆಯ ಬದಲಿ ಬಲ್ಬು ಎರಡೂವರೆ ವ್ಯಾಟ್, ಅಂದರೆ 0.2 ಆಂಪ್. ಆರು ಬಲ್ಬು ನಾಲ್ಕು ಗಂಟೆ ಉರಿದರೆ 5 ಆಂಪ್ ಅವರ್ ಕೂಡ ತುಂಬುವುದಿಲ್ಲ. ರಾತ್ರಿಗೆ ಹತ್ತಿರ ಹತ್ತಿರ 30 ಉಳಿಯಿತು. ಒಳ್ಳೆ ಬಿಸಿಲಿರುವ ದಿನ ಛಾವಣಿ ಮೇಲಿನ 100 ವ್ಯಾಟ್ ಸೋಲಾರ್ ಪ್ಯಾನೆಲ್ ದಿನವಿಡೀ ದುಡಿದು ಕೊಡುವುದೂ ಇಷ್ಟೇ. ಪ್ಯಾನೆಲ್, ಕಂಟ್ರೋಲರ್, ಛಾವಣಿಗೆ ತೂತು ಯಾವುದೂ ಇಲ್ಲದೆ ಅಷ್ಟು ಸಿಗುತ್ತದೆ. ಆರ್‌ವಿಗೆ ಮಾಡುವ ಖರ್ಚುಗಳಲ್ಲಿ ಇಷ್ಟು ಬೇಗ ಫಲ ಕೊಡುವುದು ಇನ್ನೊಂದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ವಿಷಯ ಮಾತ್ರ ಮರೆಯಬೇಡಿ. ಬಲ್ಬಿನ ಪೊಟ್ಟಣದ ಮೇಲೆ ಬರೀ 12 ವೋಲ್ಟ್ ಎಂದಿದ್ದರೆ ಸಾಲದು. 10ರಿಂದ 30 ವೋಲ್ಟ್, ಅಥವಾ 8ರಿಂದ 30 ಅಂತ ಬರೆದಿರಬೇಕು. ಇದರ ಬಗ್ಗೆ ಬೇರೆಯವರೂ ಹೇಳುತ್ತಾರೆ.

ಸಕ್ಕರೆನಾಡು (ಡಲ್ಲಾಸ್, ಟೆಕ್ಸಸ್)

ಬಯಲುಸೀಮೆ ಸರ್ ಹೇಳಿದ್ದು ಬ್ಯಾಟರಿ ಮೇಲೆ ನಿಲ್ಲುವವರಿಗೆ ನೂರಕ್ಕೆ ನೂರು ಸರಿ. ಆದರೆ ಎಲ್ಲರೂ ಎಲ್ಲ ಬಲ್ಬನ್ನೂ ಕಿತ್ತು ಹಾಕಲೇಬೇಕು ಅಂತಿಲ್ಲ. ನಾವು ಹೋಗುವುದೆಲ್ಲ 30 ಆಂಪ್ ಅಥವಾ 50 ಆಂಪ್ ಹುಕಪ್ ಇರುವ ಪಾರ್ಕುಗಳಿಗೆ. ಅಲ್ಲಿ ಕನ್ವರ್ಟರ್ (ಪಾರ್ಕಿನ 120 ವೋಲ್ಟನ್ನು ಗಾಡಿಯ 12 ವೋಲ್ಟ್ ಮಾಡುವ ಪೆಟ್ಟಿಗೆ) ಕರೆಂಟ್ ಕೊಡುತ್ತಲೇ ಇರುತ್ತದೆ. ಅಂಥವರಿಗೆ ಕಪಾಟಿನೊಳಗಿನ ದೀಪ, ಹೊರಗಿನ ಸಾಮಾನಿನ ಗೂಡಿನ ದೀಪ ಬದಲಿಸಿ ಏನು ಸಿಗುತ್ತದೆ? ವರ್ಷದಲ್ಲಿ ಅವು ಉರಿಯುವುದೇ ಸ್ವಲ್ಪ ಹೊತ್ತು.

ದಿನಾ ಉರಿಯುವ ನಾಲ್ಕೈದನ್ನು ಬದಲಿಸಿ, ಉಳಿದದ್ದು ಸುಟ್ಟಾಗ ನೋಡಿದರಾಯಿತು.

ಆದರೂ ನಾನು ಸೀಲಿಂಗ್ ದೀಪಗಳನ್ನು ಬದಲಿಸಿದ್ದೇನೆ, ಅದಕ್ಕೆ ಕಾರಣ ಕರೆಂಟಲ್ಲ, ಬಿಸಿ. ಫಿಲಮೆಂಟ್ ಬಲ್ಬಿಗೆ ಕೊಟ್ಟ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ಆರು ಬಲ್ಬಿಗೆ 100 ವ್ಯಾಟ್ ದಾಟಿತು. ಟೆಕ್ಸಸ್‌ನ ಆಗಸ್ಟ್ ರಾತ್ರಿ, ಇಷ್ಟೇ ಇಷ್ಟು ಜಾಗ, ಮೇಲೆ ಎಸಿ ಒದ್ದಾಡುತ್ತಿರುವಾಗ ಕೆಳಗೆ ನಾವೇ 100 ವ್ಯಾಟಿನ ಹೀಟರ್ ಹಚ್ಚಿದ ಹಾಗೆ. ದೀಪದ ಪ್ಲಾಸ್ಟಿಕ್ ಮುಚ್ಚಳ ಬಲ್ಬಿನ ನೇರಕ್ಕೆ ಕಂದು ತಿರುಗಿತ್ತು. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತ್ತು.

ಮಲ್ಲಿಗೆಹಂಬು (ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ)

ತುಂಗಾತೀರ ಸರ್, ಆಂಪ್ ಲೆಕ್ಕ ಆಯಿತು. ಬೆಳಕಿನ ಬಣ್ಣದ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಜನ ಎಲ್‌ಇಡಿ ಹಾಕಿ ಬೇಸರ ಪಡುವುದು ಇದೊಂದೇ ಕಾರಣಕ್ಕೆ.

ಪೊಟ್ಟಣದ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ. 2700ರಿಂದ 3000 ಇದ್ದರೆ ಹಳೇ ಬಲ್ಬಿನ ಹಾಗೆ ಬೆಚ್ಚಗಿನ ಹಳದಿ ಬೆಳಕು. 4000ದಿಂದ 4500 ಇದ್ದರೆ ಬಿಳಿ. 6000 ದಾಟಿದರೆ ನೀಲಿ ಮಿಶ್ರಿತ ಬಿಳಿ, ಆಸ್ಪತ್ರೆ ವಾರ್ಡಿನ ಬೆಳಕು. ಆರ್‌ವಿ ಒಳಗೆ ಗೋಡೆಗೆ ಮರದ ಬಣ್ಣ, ಸೋಫಾಗೆ ಕಂದು ಬಟ್ಟೆ ಜಾಸ್ತಿ. ಅದರ ಮೇಲೆ 6000ದ ಬೆಳಕು ಬಿದ್ದರೆ ಎಲ್ಲ ಬೂದಿ ಬಳಿದಂತೆ ಕಾಣುತ್ತದೆ. ಮಲಗುವ ಮೊದಲು ಕಣ್ಣಿಗೂ ಒಳ್ಳೆಯದಲ್ಲ, ನಿದ್ದೆ ಬೇಗ ಬರುವುದಿಲ್ಲ.

ನಾವು ಹಾಸಿಗೆ, ಸೋಫಾ, ಡೈನೆಟ್ ಕಡೆ 3000 ಹಾಕಿದ್ದೇವೆ. ಒಲೆ ಮತ್ತು ಸಿಂಕ್ ಮೇಲೆ 4000. ತರಕಾರಿ ಹೆಚ್ಚುವಾಗ, ಅಕ್ಕಿ ಆರಿಸುವಾಗ ಆ ಬಿಳಿ ಬೆಳಕೇ ಬೇಕು.

ಇನ್ನೊಂದು ಸಂಖ್ಯೆ ಸಿಆರ್‌ಐ. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ, 100 ಅಂದರೆ ಪೂರ್ತಿ. ಎಂಬತ್ತಕ್ಕಿಂತ ಕಡಿಮೆ ಇರುವುದನ್ನು ತರಬೇಡಿ. ಅಗ್ಗದ ಬಲ್ಬಿನ ಕೆಳಗೆ ಒಗ್ಗರಣೆ ಹಾಕುತ್ತಾ ನೋಡಿ. ಒಣ ಮೆಣಸಿನಕಾಯಿ ಕೆಂಪೋ ಕಪ್ಪೋ ಗೊತ್ತಾಗುವುದಿಲ್ಲ. ಹೊತ್ತಿದ್ದು ವಾಸನೆ ಬಂದ ಮೇಲೇ ತಿಳಿಯುವುದು.

ಒಂದೇ ದೀಪದ ಎರಡು ಬಲ್ಬನ್ನು ಬೇರೆ ಬೇರೆ ಕಡೆಯಿಂದ ತರಬೇಡಿ. 3000 ಅಂತಲೇ ಬರೆದಿದ್ದರೂ ಒಂದು ಹಸಿರು ಛಾಯೆ, ಇನ್ನೊಂದು ಗುಲಾಬಿ ಛಾಯೆ ಹೊಡೆಯುತ್ತದೆ.

ತುಂಗಾತೀರ

ಬಯಲುಸೀಮೆ ಸರ್, ನೀವು ಹಾಕಿದ ಲೆಕ್ಕ ಹೆಂಡತಿಗೂ ತೋರಿಸಿದೆ. ಸೋಲಾರ್ ಪ್ಯಾನೆಲ್ ಮಾತು ಸದ್ಯಕ್ಕೆ ಮುಂದೆ ಹೋಯಿತು. ಮಲ್ಲಿಗೆಹಂಬು ಮೇಡಂ, 3000 ಮತ್ತು 4000 ಎರಡೂ ಬರೆದಿಟ್ಟುಕೊಂಡೆ.

ಆನ್‌ಲೈನ್‌ನಲ್ಲಿ ಹುಡುಕಿದರೆ 921ಕ್ಕೇ ಹತ್ತಾರು ಆಕಾರ ಬರುತ್ತಿದೆ. ಉದ್ದಕ್ಕೆ ಜೋಳದ ತೆನೆಯಂಥದ್ದು, ಚಪ್ಪಟೆ ಹಲಗೆಯಂಥದ್ದು, ತುದಿಯಲ್ಲಿ ಮಾತ್ರ ಎಲ್‌ಇಡಿ ಇರುವುದು. 1141 ಹುಡುಕಿದರೆ 1156 ತೋರಿಸುತ್ತದೆ. ಅದು ಹೊಂದುತ್ತದಾ?

ಬಯಲುಸೀಮೆ

1141 ಮತ್ತು 1156 ಎರಡರದ್ದೂ ತಳ ಒಂದೇ, ಬಿಎ15ಎಸ್. ನಮ್ಮೂರ ಮನೆಗಳಲ್ಲಿ ಬಲ್ಬನ್ನು ಒತ್ತಿ ತಿರುಗಿಸಿ ಹಾಕುತ್ತಿದ್ದೆವಲ್ಲ, ಅದರ ಸಣ್ಣ ರೂಪ. ಎರಡು ಪಕ್ಕದಲ್ಲಿ ಎರಡು ಮೊಳೆ, ಎರಡೂ ಒಂದೇ ಎತ್ತರದಲ್ಲಿ. ಅಡಿಯಲ್ಲಿ ಒಂದೇ ಚುಕ್ಕೆ. ಫಿಲಮೆಂಟ್ ಕಾಲದಲ್ಲಿ ವ್ಯತ್ಯಾಸ ಏನಿತ್ತೆಂದರೆ, 1156 ಎರಡು ಆಂಪ್ ದಾಟಿ ಎಳೆಯುತ್ತಿತ್ತು. 1141ರ ದೀಪಕ್ಕೆ ಅದನ್ನು ಹಾಕಿದರೆ ಮುಚ್ಚಳ ಕರಗುವಷ್ಟು ಬಿಸಿ. ಎಲ್‌ಇಡಿಯಲ್ಲಿ ಆ ಭಯ ಇಲ್ಲ. ಅಂಗಡಿಯವರು ಎರಡೂ ಹೆಸರಲ್ಲಿ ಒಂದನ್ನೇ ಮಾರುತ್ತಾರೆ.

ಆದರೆ ಅಡಿಯಲ್ಲಿ ಎರಡು ಚುಕ್ಕೆ ಇದ್ದರೆ ಅದು ಬಿಎ15ಡಿ, ಬೇರೆ ಜಾತಿ. 1076 ಬಲ್ಬು ಆ ಥರದ್ದು. ಮೊಳೆಗಳು ಒಂದು ಮೇಲೆ ಒಂದು ಕೆಳಗೆ ಇದ್ದರೆ ಅದು ಬ್ರೇಕ್ ಲೈಟಿನ 1157. ಆರ್ಡರ್ ಮಾಡುವ ಮೊದಲು ಹಳೇ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ.

921 ಅಂದರೆ ಗಾಜಿನ ತಳ, ಸುಮ್ನೆ ಒಳಗೆ ಒತ್ತಿದರೆ ಕೂರುತ್ತದೆ. ಚಪ್ಪಟೆ ಸೀಲಿಂಗ್ ದೀಪದಲ್ಲಿ ಅದು ಮಲಗಿಕೊಂಡಿರುತ್ತದೆ. ಅಲ್ಲಿಗೆ ತೆನೆ ಆಕಾರದ ಎಲ್‌ಇಡಿ ಹಾಕಿದರೆ ಅರ್ಧ ಬೆಳಕು ಸೀಲಿಂಗ್ ಕಡೆಗೆ ಹೋಗುತ್ತದೆ. ಹಿಂದಿನ ತಗಡು ಬಿಳಿಯಾಗಿದ್ದರೆ ಸ್ವಲ್ಪ ವಾಪಸ್ ಬರುತ್ತದೆ, ಹಳದಿಯಾಗಿದ್ದರೆ ಅದೂ ಇಲ್ಲ. ಅಂಥ ದೀಪಕ್ಕೆ ಒಂದೇ ಮುಖದ ಹಲಗೆ ಒಳ್ಳೆಯದು. ತೂಗುದೀಪಕ್ಕೆ, ಸುತ್ತ ಗಾಜಿನ ಬುರುಡೆ ಇರುವುದಕ್ಕೆ ತೆನೆ ಆಕಾರವೇ ಸರಿ. ಬೆಳಕು ಎಲ್ಲ ಕಡೆ ಹರಡಬೇಕಲ್ಲ. ಓದುವ ದೀಪಕ್ಕೆ ತುದಿಯಲ್ಲಿ ಎಲ್‌ಇಡಿ ಇರುವುದು.

ಬೆಳಕಿನ ಪ್ರಮಾಣಕ್ಕೆ ಲ್ಯೂಮೆನ್ ನೋಡಿ, ವ್ಯಾಟ್ ಅಲ್ಲ. ಹಳೇ 921 ಕೊಡುತ್ತಿದ್ದದ್ದು ಸುಮಾರು 260 ಲ್ಯೂಮೆನ್. ಒಂದೇ ಮುಖದ ಎಲ್‌ಇಡಿಯಲ್ಲಿ 200 ಇದ್ದರೂ ಕೆಳಗೆ ಅದಕ್ಕಿಂತ ಜಾಸ್ತಿ ಬೆಳಕು ಬೀಳುತ್ತದೆ.

ಉದ್ದ ಅಳೆಯಿರಿ. ಕೆಲವು ಎಲ್‌ಇಡಿ ಹಳೇ ಬಲ್ಬಿಗಿಂತ ಉದ್ದ, ಮುಚ್ಚಳ ಕೂರುವುದಿಲ್ಲ. ಮುಚ್ಚಳ ತೆಗೆಯುವಾಗ ಹುಷಾರು. ಹಳೇ ಪ್ಲಾಸ್ಟಿಕ್ ಒಂದು ಕಡೆಯಿಂದ ಜಗ್ಗಿದರೆ ಸೀಳುತ್ತದೆ. ಎರಡೂ ಉದ್ದನೆ ಬದಿಯನ್ನು ಬೆರಳಿನಿಂದ ಒಳಕ್ಕೆ ಒತ್ತಿ, ಒಂದು ಅಂಚನ್ನು ಮೊದಲು ಬಿಡಿಸಿ. ಚಳಿಯಲ್ಲಿ ಈ ಕೆಲಸ ಬೇಡ, ಗಾಡಿ ಬೆಚ್ಚಗಿರುವಾಗ ಮಾಡಿ.

ಹಾಸಿಗೆ ಪಕ್ಕದ ಎರಡು ಕಡ್ಡಿಯದ್ದು ಜಿ4. ಇದರಲ್ಲಿ ಒಂದು ಅಪಾಯ ಇದೆ. ಮನೆ ಸಾಮಾನಿನ ಅಂಗಡಿಯಲ್ಲಿ 120 ವೋಲ್ಟಿನ ಜಿ4 ಎಲ್‌ಇಡಿಯೂ ಸಿಗುತ್ತದೆ, ನೋಡಲು ಒಂದೇ ಥರ. ಅದನ್ನು ತಂದರೆ ಇಲ್ಲಿ ಉರಿಯುವುದಿಲ್ಲ. ಕಡ್ಡಿ ಹಿಂದೆ ಇರುವುದಾ ಪಕ್ಕಕ್ಕೆ ಇರುವುದಾ ಎಂದೂ ನೋಡಿಕೊಳ್ಳಿ.

ಕೊಡಚಾದ್ರಿ (ಡೆನ್ವರ್, ಕೊಲರಾಡೊ)

ವೋಲ್ಟೇಜಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಟ್ರೇಲರಿನ ಹಿಂದಿನ ಮಾಲೀಕರು ಎಲ್ಲ ಕಡೆ ಅಗ್ಗದ ಎಲ್‌ಇಡಿ ಹಾಕಿ ಕೊಟ್ಟಿದ್ದರು. ಒಂದೊಂದಾಗಿ ಮಿನುಗಲು ಶುರುವಾಯಿತು. ಒಂದನ್ನು ಬಿಚ್ಚಿ ನೋಡಿದೆ. ಮೂರು ಎಲ್‌ಇಡಿ ಸಾಲಾಗಿ, ಅದರ ಮುಂದೆ ಕರೆಂಟ್ ತಗ್ಗಿಸುವ ಒಂದು ರೆಸಿಸ್ಟರ್. ಇಂಥ ಸಾಲುಗಳು ಪಕ್ಕ ಪಕ್ಕ. ಬೇರೇನೂ ಇಲ್ಲ. ರೆಸಿಸ್ಟರಿನ ಸುತ್ತ ಬೋರ್ಡು ಕಪ್ಪಾಗಿತ್ತು.

ಆರ್‌ವಿಯಲ್ಲಿ 12 ವೋಲ್ಟ್ ಅಂತ ಬಾಯಿಮಾತಿಗೆ ಹೇಳುತ್ತೇವೆ. ಲೆಡ್ ಆಸಿಡ್ ಬ್ಯಾಟರಿ ಅರ್ಧ ಖಾಲಿಯಾದಾಗ 12.1, ತುಂಬಿದ್ದು ಸುಮ್ಮನಿದ್ದಾಗ 12.6ರಿಂದ 12.7. ಹುಕಪ್ಪಿಗೆ ಹಾಕಿದ ತಕ್ಷಣ ಕನ್ವರ್ಟರ್ 13.6 ಕೊಡುತ್ತದೆ. ಬ್ಯಾಟರಿ ಜೋರಾಗಿ ಚಾರ್ಜ್ ಆಗುವಾಗ 14.4. ಲಿಥಿಯಂ ಹಾಕಿಸಿದವರಲ್ಲಿ 14.6ರವರೆಗೂ ಹೋಗುತ್ತದೆ. ಇಷ್ಟೂ ವೋಲ್ಟೇಜು ನಿಮ್ಮ ದೀಪಕ್ಕೂ ಹೋಗುತ್ತದೆ, ಯಾಕೆಂದರೆ ದೀಪ ಬ್ಯಾಟರಿಯ ತಂತಿಯಲ್ಲೇ ಇದೆ.

ಎಲ್‌ಇಡಿಯ ಗುಣ ಏನೆಂದರೆ, ಅದಕ್ಕೆ ಬೇಕಾದ ವೋಲ್ಟೇಜು ದಾಟಿದ ಮೇಲೆ ಸ್ವಲ್ಪ ಏರಿದರೂ ಕರೆಂಟ್ ಬಹಳ ಏರುತ್ತದೆ. ಮೂರು ಎಲ್‌ಇಡಿ ಸೇರಿ 9 ವೋಲ್ಟ್ ತಿಂದರೆ, 12 ಇದ್ದಾಗ ರೆಸಿಸ್ಟರಿಗೆ ಉಳಿಯುವುದು 3. 14.4 ಆದಾಗ 5.4. ಅಂದರೆ ಕರೆಂಟ್ ಹತ್ತಿರ ಹತ್ತಿರ ಎರಡು ಪಟ್ಟು. ಮೇಲೆ ಮುಚ್ಚಳ, ಗಾಳಿ ಇಲ್ಲ. ಎಷ್ಟು ದಿನ ತಡೆಯುತ್ತದೆ?

10ರಿಂದ 30 ವೋಲ್ಟ್ ಎಂದು ಬರೆದ ಬಲ್ಬಿನೊಳಗೆ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಡ್ರೈವರ್ ಇರುತ್ತದೆ. 11 ಇರಲಿ 14.6 ಇರಲಿ, ಎಲ್‌ಇಡಿಗೆ ಹೋಗುವುದು ಅಷ್ಟೇ. ಒಂದಕ್ಕೆ ಎರಡು ಮೂರು ಡಾಲರ್ ಜಾಸ್ತಿಯಾಗಬಹುದು. ಕೊಡಿ. ಅದೇ ಬಾಳಿಕೆ ಬರುವುದು.

ಗಿರಮಿಟ್ (ಹುಬ್ಬಳ್ಳಿ)

ನಮಸ್ಕಾರ್ರಿ ಎಲ್ಲರಿಗೂ. ನಾನು ಅಮೆರಿಕಾದಾಗಿಲ್ಲ, ಇಲ್ಲೇ ಹುಬ್ಬಳ್ಳಿಯವನು. ಗೆಳೆಯರು ಸೇರಿ ಒಂದು ಹಳೇ ಟೆಂಪೊ ಟ್ರಾವೆಲರನ್ನು ಕ್ಯಾಂಪರ್ ಮಾಡುತ್ತಿದ್ದೇವೆ. ಗೋಕರ್ಣ, ದಾಂಡೇಲಿ ಕಡೆ ಓಡಾಡುವ ಯೋಚನೆ. ಈ 10ರಿಂದ 30 ವೋಲ್ಟಿನ ಬಲ್ಬು ನಮ್ಮ ಗಾಡಿಗೂ ಆಗುತ್ತದೇನ್ರಿ? ನಮ್ಮ ಮಾವ ದೊಡ್ಡ ಬಸ್ಸಿನ ಕೆಲಸ ಮಾಡುತ್ತಾರೆ, ಅವರು ಬಸ್ಸಿಗೆ 24 ವೋಲ್ಟ್ ಅಂತಾರೆ.

ಕೊಡಚಾದ್ರಿ

ಗಿರಮಿಟ್ ಅವರೇ, ಆಗುತ್ತದೆ. ನಿಮ್ಮ ಟ್ರಾವೆಲರ್ 12 ವೋಲ್ಟ್. ಮಾವನವರು ಹೇಳಿದ್ದೂ ಸರಿ, ದೊಡ್ಡ ಬಸ್ಸು ಲಾರಿಗಳಲ್ಲಿ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. 10ರಿಂದ 30 ಅಂತ ಬರೆದ ಬಲ್ಬು ಎರಡಕ್ಕೂ ನಡೆಯುತ್ತದೆ. ನಿಮ್ಮಲ್ಲಿ 1156 ಅಂತ ಕೇಳಿದರೆ ಅಂಗಡಿಯವರಿಗೆ ಗೊತ್ತಾಗದಿರಬಹುದು. ಪಿ21ಡಬ್ಲ್ಯೂ, 12 ವೋಲ್ಟ್ 21 ವ್ಯಾಟ್ ಅಂತ ಕೇಳಿ. ತಳ ಅದೇ ಬಿಎ15ಎಸ್. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಬಲ್ಬು, ಸ್ಟ್ರಿಪ್, ಡ್ರೈವರ್ ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ.

ನೀವು ಹೊಸದಾಗಿ ವೈರ್ ಎಳೆಯುತ್ತಿರುವುದರಿಂದ ಹಳೇ ಹೋಲ್ಡರಿನ ಹಂಗೇ ಬೇಡ. ನೇರ ಎಲ್‌ಇಡಿ ದೀಪವನ್ನೇ ಕೂರಿಸಿ. ಆದರೆ ಪ್ರತಿ ಸಾಲಿಗೂ ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ. ದೀಪ ಕಡಿಮೆ ಕರೆಂಟ್ ಎಳೆಯುತ್ತದೆ ಎಂದು ಫ್ಯೂಸ್ ಬಿಡುವವರಿದ್ದಾರೆ. ಫ್ಯೂಸ್ ಇರುವುದು ದೀಪಕ್ಕಲ್ಲ, ವೈರಿಗೆ. ಎಲ್ಲೋ ತಗಡಿಗೆ ಉಜ್ಜಿ ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪ್ ಕೊಡುತ್ತದೆ.

ಅಲೆಮಾರಿ (ಸಿಯಾಟಲ್, ವಾಷಿಂಗ್ಟನ್)

ನನ್ನದು ಇನ್ನೊಂದು ಸಮಸ್ಯೆ. 1990ರ ದಶಕದ ಟ್ರೇಲರ್. ಒಳ್ಳೆಯ ಎಲ್‌ಇಡಿಯನ್ನೇ ಹಾಕಿದ್ದೇನೆ. ಬ್ಯಾಟರಿ ಮೇಲೆ ಸೊಗಸಾಗಿ ಉರಿಯುತ್ತವೆ. ಪಾರ್ಕಿನ ಕರೆಂಟಿಗೆ ಹಾಕಿದ ಕೂಡಲೇ ನಡುಗುತ್ತವೆ. ತಲೆನೋವು ಬರುತ್ತದೆ. ಫೋನಿನಲ್ಲಿ ವಿಡಿಯೊ ತೆಗೆದರೆ ಕಪ್ಪು ಪಟ್ಟೆಗಳು ಓಡುತ್ತವೆ.

ಬಯಲುಸೀಮೆ

ಅಲೆಮಾರಿ ಅವರೇ, ರೋಗ ಯಾವುದೆಂದು ನೀವೇ ಕಂಡುಹಿಡಿದಿದ್ದೀರಿ. ಬಲ್ಬಲ್ಲ, ಕನ್ವರ್ಟರ್. ಹಳೇ ಕಾಲದ ಕನ್ವರ್ಟರಿನಲ್ಲಿ ದಪ್ಪನೆ ಟ್ರಾನ್ಸ್‌ಫಾರ್ಮರು ಮತ್ತು ಡಯೋಡುಗಳು, ಅಷ್ಟೇ. ಪಾರ್ಕಿನ ಎಸಿ ಕರೆಂಟನ್ನು ಇಳಿಸಿ ಮಡಚಿ ಡಿಸಿ ಮಾಡುತ್ತದೆ, ಆದರೆ ಅದನ್ನು ನುಣುಪು ಮಾಡುವುದಿಲ್ಲ. ಇಲ್ಲಿನ ಕರೆಂಟ್ 60 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 120 ಸಲ ವೋಲ್ಟೇಜು ಏರಿಳಿಯುತ್ತದೆ. ಫಿಲಮೆಂಟ್ ಅಷ್ಟು ಬೇಗ ತಣಿಯುವುದಿಲ್ಲ, ಹಾಗಾಗಿ ಇಷ್ಟು ವರ್ಷ ಯಾರಿಗೂ ಕಾಣಲಿಲ್ಲ. ಎಲ್‌ಇಡಿ ಪ್ರತಿ ಏರಿಳಿತವನ್ನೂ ತೋರಿಸುತ್ತದೆ.

ಬ್ಯಾಟರಿಯ ಡಿಸ್‌ಕನೆಕ್ಟ್ ಸ್ವಿಚ್ ಆಫ್ ಇದೆಯಾ ನೋಡಿ. ಬ್ಯಾಟರಿ ತಂತಿಯಲ್ಲಿದ್ದರೆ ಈ ಏರಿಳಿತವನ್ನು ಬಹಳಷ್ಟು ನುಂಗುತ್ತದೆ. ಆದರೆ ಕೆಲವು ಹಳೇ ಕನ್ವರ್ಟರುಗಳಲ್ಲಿ ದೀಪದ ತಂತಿ ಬೇರೆ, ಬ್ಯಾಟರಿ ಚಾರ್ಜ್ ಮಾಡುವ ತಂತಿ ಬೇರೆ. ಆಗ ಬ್ಯಾಟರಿ ಇದ್ದರೂ ಉಪಯೋಗ ಇಲ್ಲ. ಹಾಗಿದ್ದರೆ ಕನ್ವರ್ಟರ್ ಬದಲಿಸಿ. ಹೇಗೂ ಆ ಹಳೆಯದು ಬ್ಯಾಟರಿಯನ್ನು ಒಂದೇ ವೋಲ್ಟೇಜಿನಲ್ಲಿ ಕಾಯಿಸಿ ನೀರು ಆರಿಸುತ್ತಿರುತ್ತದೆ. ಹೊಸ ಥರದವು ಹಂತ ಹಂತವಾಗಿ 14.4, 13.6, 13.2 ಎಂದು ಇಳಿಸುತ್ತವೆ. ದೀಪಕ್ಕೂ ಬ್ಯಾಟರಿಗೂ ಎರಡಕ್ಕೂ ಒಳ್ಳೆಯದು.

ಪಾರ್ಕಿನ ಪ್ಲಗ್ ತೆಗೆಯದೆ ಕನ್ವರ್ಟರ್ ಪೆಟ್ಟಿಗೆಗೆ ಕೈ ಹಾಕಬೇಡಿ. ಅಲ್ಲಿ 120 ವೋಲ್ಟ್ ಇದೆ.

ತುಂಗಾತೀರ

ಸಾಮಾನು ಬಂತು, ಕೆಲಸ ಶುರು ಮಾಡಿದೆ. ಸೀಲಿಂಗಿನದ್ದೆಲ್ಲ ಸರಾಗವಾಗಿ ಆಯಿತು. ಎರಡು ಕಡೆ 921 ಹತ್ತಲಿಲ್ಲ, ತೆಗೆದು ತಿರುಗಿಸಿ ಒತ್ತಿದೆ, ಹತ್ತಿತು. ಆದರೆ ಡೈನೆಟ್ ಮೇಲಿನ 1141ರ ಜಾಗದಲ್ಲಿ ಹೊಸ ಬಲ್ಬು ಉರಿಯುತ್ತಿಲ್ಲ. ಹಳೇ ಬಲ್ಬು ಹಾಕಿದರೆ ಉರಿಯುತ್ತದೆ. ಹೊಸ ಬಲ್ಬನ್ನು ಬೇರೆ ಕಡೆ ಹಾಕಿದರೆ ಅದೂ ಉರಿಯುತ್ತದೆ. ಬಲ್ಬೂ ಸರಿ, ಹೋಲ್ಡರೂ ಸರಿ. ಮತ್ತೆ ಏನು?

ಕೊಡಚಾದ್ರಿ

ಆ ದೀಪದ ಪ್ಲಸ್ ಮೈನಸ್ ಉಲ್ಟಾ ಆಗಿದೆ. ಕಾರ್ಖಾನೆಯಲ್ಲೇ ಹಾಗೆ ಜೋಡಿಸಿರುತ್ತಾರೆ, ಫಿಲಮೆಂಟಿಗೆ ಯಾವ ಕಡೆಯಿಂದ ಕರೆಂಟ್ ಬಂದರೂ ಒಂದೇ ಅಲ್ವಾ. ಎಲ್‌ಇಡಿ ಒಂದೇ ದಿಕ್ಕಿಗೆ ಬಿಡುತ್ತದೆ. 921ನ್ನು ತಿರುಗಿಸಿ ಹಾಕಬಹುದು. ಬಿಎ15ಎಸ್‌ನಲ್ಲಿ ಅಡಿಯ ಚುಕ್ಕೆಯೇ ಪ್ಲಸ್, ಪಕ್ಕದ ಲೋಹವೇ ಮೈನಸ್. ಹೇಗೆ ತಿರುಗಿಸಿದರೂ ಬದಲಾಗುವುದಿಲ್ಲ.

ಮೊದಲು ಫ್ಯೂಸ್ ತೆಗೆಯಿರಿ. ದೀಪವನ್ನು ಸೀಲಿಂಗಿನಿಂದ ಇಳಿಸಿ, ಹಿಂದಿನ ಎರಡು ವೈರುಗಳನ್ನು ಅದಲು ಬದಲು ಮಾಡಿ. ಹಾಗೆ ಮಾಡುವ ಮುಂಚೆ ಇದನ್ನು ಓದಿ: ಅಮೆರಿಕಾದ ಆರ್‌ವಿಗಳಲ್ಲಿ 12 ವೋಲ್ಟಿನ ಕಡೆ ಎಷ್ಟೋ ಸಲ ಕಪ್ಪು ವೈರ್ ಪ್ಲಸ್, ಬಿಳಿ ಮೈನಸ್. ಕಾರಿನ ಅಭ್ಯಾಸ ಇರುವವರು ಕಪ್ಪನ್ನು ಮೈನಸ್ ಅಂದುಕೊಳ್ಳುತ್ತಾರೆ. ಇನ್ನೊಂದು ಕಡೆ, 120 ವೋಲ್ಟಿನ ಮನೆ ಕರೆಂಟಿನ ವೈರಿಗೂ ಕಪ್ಪು ಬಿಳಿಯೇ ಬಣ್ಣ. ಹಾಗಾಗಿ ಬಣ್ಣ ನಂಬಬೇಡಿ. ಮಲ್ಟಿಮೀಟರನ್ನು ಎಸಿಗೆ ಇಟ್ಟು ಒಮ್ಮೆ, ಡಿಸಿಗೆ ಇಟ್ಟು ಒಮ್ಮೆ ನೋಡಿ. ಹುಕಪ್ ಕಿತ್ತು, ಜನರೇಟರ್ ಇನ್ವರ್ಟರ್ ಆಫ್ ಮಾಡಿಯೇ ಬಿಚ್ಚಿ.

ಮುಟ್ಟಲು ಇಷ್ಟವಿಲ್ಲ ಅಂದರೆ ಪೊಲಾರಿಟಿ ನೋಡದ ಬಲ್ಬುಗಳೂ ಸಿಗುತ್ತವೆ. ಒಳಗೆ ನಾಲ್ಕು ಡಯೋಡಿನ ಬ್ರಿಡ್ಜ್ ಇರುತ್ತದೆ, ಕರೆಂಟ್ ಯಾವ ಕಡೆಯಿಂದ ಬಂದರೂ ಸರಿ ಮಾಡಿಕೊಳ್ಳುತ್ತದೆ.

ಕಡಲತಡಿ (ಟ್ಯಾಂಪಾ, ಫ್ಲೋರಿಡಾ)

ನಾನು ಹ್ಯಾಮ್ ರೇಡಿಯೊ ಹವ್ಯಾಸಿ. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. ಕೊಡಚಾದ್ರಿ ಸರ್ ಹೊಗಳಿದ ಆ ಡ್ರೈವರ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಸಲ ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಸರಿಯಾಗಿ ಫಿಲ್ಟರ್ ಮಾಡದಿದ್ದರೆ ಅದೇ ಒಂದು ಸಣ್ಣ ಟ್ರಾನ್ಸ್‌ಮಿಟರ್. ದೀಪ ಹಾಕಿದಾಗ ರೇಡಿಯೊದಲ್ಲಿ ಗರಗರ ಸದ್ದು, ಛಾವಣಿಯ ಆಂಟೆನಾದಿಂದ ಬರುವ ಟಿವಿ ಚಾನೆಲ್ಲು ಚೂರು ಚೂರಾಗುವುದು ಇದರಿಂದಲೇ. ಟಿವಿ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟವರನ್ನು ನೋಡಿದ್ದೇನೆ.

ಪರೀಕ್ಷೆ ಸುಲಭ. ಬ್ಯಾಟರಿ ಹಾಕಿದ ಪುಟ್ಟ ಎಎಂ ರೇಡಿಯೊವನ್ನು ಸ್ಟೇಷನ್ ಇಲ್ಲದ ಕಡೆ ಇಟ್ಟು, ಉರಿಯುವ ದೀಪದ ಹತ್ತಿರ ಹಿಡಿಯಿರಿ. ಜೋರಾಗಿ ಕಿರುಚಿದರೆ ಆ ಬಲ್ಬು ಬೇಡ. ಹತ್ತು ಬಲ್ಬು ಒಟ್ಟಿಗೆ ಕೊಳ್ಳುವ ಮೊದಲು ಒಂದನ್ನು ತಂದು ಹೀಗೆ ನೋಡಿ. ಹಾಕಿ ಆಗಿದ್ದರೆ ದೀಪದ ವೈರುಗಳಿಗೆ ಕ್ಲಿಪ್ ಹಾಕುವ ಫೆರೈಟ್ ಉಂಗುರ ತೊಡಿಸಿ, ಸ್ವಲ್ಪ ತಗ್ಗುತ್ತದೆ. ರೆಸಿಸ್ಟರ್ ಮಾತ್ರ ಇರುವ ಬಲ್ಬಿನಲ್ಲಿ ಈ ಗಲಾಟೆ ಇಲ್ಲ, ಆದರೆ ಅದರ ಕಷ್ಟ ಮೇಲೆ ಓದಿದಿರಿ.

ಸಕ್ಕರೆನಾಡು

ಕಡಲತಡಿ ಅವರೇ, ಬಹಳ ಉಪಕಾರವಾಯಿತು. ನಮ್ಮ ಟಿವಿಯಲ್ಲಿ ಎರಡು ಚಾನೆಲ್ ಸಂಜೆ ಮಾತ್ರ ಮಾಯವಾಗುತ್ತಿತ್ತು. ಆಂಟೆನಾ ಪಕ್ಕದ ದೀಪ ಆರಿಸಿದೆ, ಎರಡೂ ಬಂದವು.

ತುಂಗಾತೀರ

ವೈರ್ ಅದಲು ಬದಲು ಮಾಡಿದೆ, ಡೈನೆಟ್ ದೀಪ ಹತ್ತಿತು. ನಿಜವಾಗಿಯೂ ಕಪ್ಪು ವೈರೇ ಪ್ಲಸ್ ಇತ್ತು.

ಯೊಸೆಮಿಟಿಯ ಅಪ್ಪರ್ ಪೈನ್ಸ್‌ಗೆ ಹೋಗಿ ಬಂದೆವು. ಮಕ್ಕಳು ಮಲಗುವವರೆಗೂ ಬೆಳಕು ಒಂದೇ ಸಮ ಇತ್ತು. ಮುಂಜಾನೆ ಫರ್ನೇಸ್ ಸದ್ದು ಕೂಡ ಗಟ್ಟಿಯಾಗಿತ್ತು. ಎದ್ದು ಅಳೆದರೆ ಬ್ಯಾಟರಿ 12.3 ವೋಲ್ಟ್. ಮುಂಚೆ ಈ ಹೊತ್ತಿಗೆ 12ಕ್ಕೆ ಬಂದಿರುತ್ತಿತ್ತು. ಸೀಲಿಂಗ್ ದೀಪದ ಮುಚ್ಚಳವನ್ನು ಉರಿಯುತ್ತಿರುವಾಗಲೇ ಮುಟ್ಟಿ ನೋಡಿದೆ, ಬರೀ ಉಗುರು ಬೆಚ್ಚಗೆ.

ಒಂದು ಸಂದೇಹ. ಮೊದಲು ದೀಪ ಮಂಕಾದರೆ ಬ್ಯಾಟರಿ ಇಳಿಯುತ್ತಿದೆ ಅಂತ ತಿಳಿಯುತ್ತಿತ್ತು. ಈಗ ಏನೂ ಗೊತ್ತಾಗುವುದಿಲ್ಲವಲ್ಲ?

ಬಯಲುಸೀಮೆ

ಬಹಳ ಜನ ಯೋಚಿಸದ ಪ್ರಶ್ನೆ ಕೇಳಿದಿರಿ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಎಷ್ಟೋ ವೇಗವಾಗಿ ಬೀಳುತ್ತದೆ. 12.8ರಿಂದ 12ಕ್ಕೆ ಇಳಿದರೆ ಬೆಳಕಿನ ಐದನೇ ಒಂದು ಭಾಗ ಹೋಗುತ್ತದೆ. ಅದು ಕಣ್ಣಿಗೇ ಕಾಣುವ ಮೀಟರ್ ಆಗಿತ್ತು. ಡ್ರೈವರ್ ಇರುವ ಎಲ್‌ಇಡಿ 11 ವೋಲ್ಟಿಗೂ ಹಾಗೇ ಹೊಳೆಯುತ್ತಿರುತ್ತದೆ. ಅಷ್ಟರಲ್ಲಿ ಬ್ಯಾಟರಿಗೆ ಆಗುವ ಪೆಟ್ಟು ಆಗಿಹೋಗಿರುತ್ತದೆ.

ಅದಕ್ಕೆ ವೋಲ್ಟ್ ಮೀಟರ್ ಬೇಕೇ ಬೇಕು. ಲೈಟರ್ ಸಾಕೆಟ್ಟಿಗೆ ಚುಚ್ಚುವ ಚಿಕ್ಕದಾದರೂ ಸರಿ. ಫರ್ನೇಸ್, ಪಂಪ್ ನಿಂತಿರುವಾಗ ಓದಿ. 12.1 ಕಂಡರೆ ಅರ್ಧ ಮುಗಿಯಿತು, ಬೆಳಿಗ್ಗೆ 7ಕ್ಕೆ ಜನರೇಟರ್ ಹಾಕಿ. ದುಡ್ಡಿದ್ದರೆ ಶಂಟ್ (ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯಲು ಹಾಕುವ ತುಂಡು) ಇರುವ ಬ್ಯಾಟರಿ ಮಾನಿಟರ್ ಹಾಕಿಸಿ. ಬ್ಯಾಟರಿಗೆ ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡನ್ನೂ ಎಣಿಸಿ ಆಂಪ್ ಅವರ್ ಲೆಕ್ಕದಲ್ಲೇ ತೋರಿಸುತ್ತದೆ. ಮುಂದೆ ಲಿಥಿಯಂಗೆ ಹೋದರೆ ಅದು ಇರಲೇಬೇಕು, ಯಾಕೆಂದರೆ ಲಿಥಿಯಂನ ವೋಲ್ಟೇಜು ಕೊನೆಯವರೆಗೂ ಹೆಚ್ಚು ಇಳಿಯುವುದೇ ಇಲ್ಲ.

ಮಲ್ಲಿಗೆಹಂಬು

ಬಚ್ಚಲಿನ ಟ್ಯೂಬ್‌ಲೈಟ್ ಏನು ಮಾಡಿದಿರಿ ಸರ್? ನಮ್ಮಲ್ಲೂ ಅಡುಗೆ ಕಟ್ಟೆ ಮೇಲೆ ಅಂಥದ್ದೇ ಒಂದಿದೆ. ಚಳಿಯಲ್ಲಿ ಹತ್ತಲು ಮೊಂಡು ಹಿಡಿಯುತ್ತದೆ.

ತುಂಗಾತೀರ

ಅದನ್ನಿನ್ನೂ ಮುಟ್ಟಿಲ್ಲ ಮೇಡಂ. ಟ್ಯೂಬಿನ ಮೇಲೆ ಎಫ್15ಟಿ8 ಅಂತಿದೆ, 18 ಇಂಚು.

ಕೊಡಚಾದ್ರಿ

ಇಬ್ಬರಿಗೂ ಒಂದೇ ಉತ್ತರ. ಆ ಪಟ್ಟಿಯೊಳಗೆ ಒಂದು ಬ್ಯಾಲಸ್ಟ್ ಇರುತ್ತದೆ. 12 ವೋಲ್ಟನ್ನು ಟ್ಯೂಬಿಗೆ ಬೇಕಾದ ಹೆಚ್ಚಿನ ವೋಲ್ಟೇಜಿಗೆ ಏರಿಸುವುದು ಅದರ ಕೆಲಸ, ಟ್ಯೂಬ್ ಹತ್ತಿಸುವಾಗ ನೂರಾರು ವೋಲ್ಟ್. ಗಾಡಿ 12 ವೋಲ್ಟ್ ಎಂದು ಉರಿಯುತ್ತಿರುವಾಗ ಅಲ್ಲಿ ಕೈ ಹಾಕಬೇಡಿ. ಫ್ಯೂಸ್ ತೆಗೆದು, ಬ್ಯಾಲಸ್ಟನ್ನು ಪೂರ್ತಿ ಬಿಚ್ಚಿ ಹೊರಗಿಡಿ. ಆಮೇಲೆ ಎರಡು ದಾರಿ. ಅದೇ ಅಳತೆಯ 12 ವೋಲ್ಟ್ ಡಿಸಿ ಎಲ್‌ಇಡಿ ಟ್ಯೂಬ್ ತಂದು, ಸ್ವಿಚ್ಚಿನಿಂದ ಬರುವ ವೈರನ್ನು ಅದಕ್ಕೆ ನೇರ ಕೊಡುವುದು ಒಂದು. ಇನ್ನೊಂದು, ತಗಡಿನ ತಳಕ್ಕೆ ಎಲ್‌ಇಡಿ ಪಟ್ಟಿ ಅಂಟಿಸುವುದು. ಅಂಟಿಸುವ ಮೊದಲು ತಗಡನ್ನು ಸ್ಪಿರಿಟ್ಟಿನಿಂದ ಒರೆಸಿ. ಜಿಡ್ಡಿದ್ದರೆ ಬೇಸಿಗೆಯಲ್ಲಿ ಅಂಟು ಬಿಟ್ಟು ಪಟ್ಟಿ ಜೋತುಬೀಳುತ್ತದೆ. ಅಡುಗೆ ಕಟ್ಟೆ ಮೇಲಂತೂ ಜಿಡ್ಡು ಇದ್ದೇ ಇರುತ್ತದೆ ಮೇಡಂ, ಎರಡು ಸಲ ಒರೆಸಿ. ಮನೆ ಸಾಮಾನಿನ ಅಂಗಡಿಯ ಎಲ್‌ಇಡಿ ಟ್ಯೂಬ್ ಬೇಡ, ಅದು 120 ವೋಲ್ಟಿನದ್ದು.

ತೆಗೆದ ಹಳೇ ಟ್ಯೂಬನ್ನು ಕಸಕ್ಕೆ ಹಾಕಬೇಡಿ, ಒಳಗೆ ಪಾದರಸ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮನೆ ಕಸದ ಡಬ್ಬಿಗೆ ಹಾಕುವಂತೆಯೇ ಇಲ್ಲ. ಕೌಂಟಿಯವರು ಅಪಾಯಕಾರಿ ಕಸ ತೆಗೆದುಕೊಳ್ಳುವ ಜಾಗ ಇಟ್ಟಿರುತ್ತಾರೆ. ಹಳೇ ಪೇಪರಿನಲ್ಲಿ ಸುತ್ತಿ, ಒಡೆಯದ ಹಾಗೆ ಅಲ್ಲಿಗೆ ಒಯ್ದು ಕೊಡಿ.